ಕೇಳದೆ ಉಳಿದ ಪಥ್ಯ

“ಡಾಕ್ಟರೇ, ಬದನೆಕಾಯಿ ತಿನ್ನಬಹುದೆ?”

ಚೀಟಿ ಬರೆದು ಮುಗಿಸಿದ ವೈದ್ಯರು ಮುಗುಳ್ನಕ್ಕು, “ಧಾರಾಳವಾಗಿ ತಿನ್ನಲಿ” ಎನ್ನುತ್ತಾರೆ.

“ಮೊಸರು?”

“ಅದಕ್ಕೂ ಅಡ್ಡಿಯಿಲ್ಲ.”

“ಎಣ್ಣೆ ಹಚ್ಚಿಕೊಂಡು ಸ್ನಾನ?”

“ಜ್ವರ ಪೂರ್ತಿ ಬಿಡಲಿ, ಆಮೇಲೆ ನೋಡೋಣ.”

ಇಷ್ಟು ಪ್ರಶ್ನೆಗಳನ್ನು ಕೇಳಿದವರು ರೋಗಿಯಲ್ಲ; ರೋಗಿಯ ಮಡದಿ. ರೋಗಿ ಐವತ್ತನ್ನು ಸಮೀಪಿಸಿದ ಗೃಹಸ್ಥರು. ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆ, ನೆರೆಹೊರೆಯಲ್ಲಿ ಒಳ್ಳೆಯ ಹೆಸರು. ವೈದ್ಯರು ಚೀಟಿಯನ್ನು ಕೈಗೆ ಕೊಡುವ ಮುನ್ನ ಮಾಮೂಲಿನ ಪ್ರಶ್ನೆಯೊಂದನ್ನು ಹಾಕುತ್ತಾರೆ: “ಸಿಗರೇಟು, ಕುಡಿತ, ಏನಾದರೂ ಅಭ್ಯಾಸ ಉಂಟೋ?”

ಗೃಹಸ್ಥರ ದೃಷ್ಟಿ ಗೋಡೆಯ ಕ್ಯಾಲೆಂಡರಿನ ಮೇಲೆ ನೆಡುತ್ತದೆ. ಉತ್ತರ ಹೇಳುವವರು ಮತ್ತೆ ಅವರ ಮಡದಿಯೇ: “ಅಯ್ಯೋ, ಇವರಿಗೆ ಅಂಥಾದ್ದೇನೂ ಇಲ್ಲ, ಡಾಕ್ಟರೇ.”

ವಾರದಲ್ಲಿ ನಾಲ್ಕು ಸಂಜೆ ಬೀರುವಿನ ಹಿಂದಿನಿಂದ ಹೊರಬರುವ ಸೀಸೆಯ ವಿಚಾರ ಆಕೆಗೆ ತಿಳಿಯದೆ ಇಲ್ಲ. ಆದರೆ ಅದು ಮನೆಯ ಮಾತು, ಹೊರಗೆ ಆಡತಕ್ಕದ್ದಲ್ಲ. ಪಕ್ಕದಲ್ಲಿ ಮಗಳೂ ನಿಂತಿದ್ದಾಳೆ. ವೈದ್ಯರು ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆಯುತ್ತಾರೆ. ಬದನೆಕಾಯಿಯ ಪಥ್ಯ ಇತ್ಯರ್ಥವಾಯಿತು. ಕೇಳಲೇಬೇಕಾಗಿದ್ದ ಪಥ್ಯವೊಂದು ಮಾತ್ರ ಕೇಳದೆಯೇ ಉಳಿಯಿತು.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಮೈಸೂರಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಬೆಂಗಳೂರಿನ ಬಡಾವಣೆಗಳಲ್ಲಾಗಲಿ, ಮರ್ಯಾದಸ್ಥರ ಮನೆಗಳಲ್ಲಿ ನಿತ್ಯ ನಡೆಯಬಹುದಾದ ಸಣ್ಣದೊಂದು ನಾಟಕ. ಪಥ್ಯವೆಂಬುದು ನಮ್ಮ ಸಂಸ್ಕೃತಿಯಲ್ಲಿ ಔಷಧದ ಅರ್ಧಾಂಗ. ಯಾವುದರೊಡನೆ ಯಾವುದು ಸೇರಬಾರದೆಂಬುದನ್ನು ವಿವರಿಸುವ ವಿರುದ್ಧಾಹಾರದ ವಿಚಾರ ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಬರುತ್ತದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಕುಡಿತದಿಂದ ಬರುವ ರೋಗಗಳಿಗೆಂದೇ ‘ಮದಾತ್ಯಯ’ ಎಂಬ ಅಧ್ಯಾಯವೊಂದು ಮೀಸಲಾಗಿದೆ. ಪ್ರಾಚೀನರು ಈ ಮಾತನ್ನಾಡಲು ಸಂಕೋಚಪಡಲಿಲ್ಲ. ಸಂಕೋಚ ನಮ್ಮದು. ಆ ಸಂಕೋಚಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗುವುದುಂಟು.

ಜ್ವರದ ಮಾತ್ರೆಯ ಮೊಕದ್ದಮೆ

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ 1993ರ ಫೆಬ್ರುವರಿಯಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನ. ರಾಷ್ಟ್ರಾಧ್ಯಕ್ಷರ ಸಿಬ್ಬಂದಿಯಲ್ಲಿ ಕೆಲಸ ಮಾಡಿದ್ದ ಗೃಹಸ್ಥರೊಬ್ಬರಿಗೆ ಫ್ಲೂ ಜ್ವರ ಬಂದಿತು. ಅವರು ಅಂಗಡಿಯಲ್ಲಿ ಯಾರಿಗಾದರೂ ದೊರೆಯುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕೆಲವು ದಿನ ಸೇವಿಸಿದರು. ಪ್ರಮಾಣ ಸೀಸೆಯ ಮೇಲೆ ಹೇಳಿದಷ್ಟೇ. ಅವರು ಬೀದಿಯಲ್ಲಿ ತೂರಾಡುವ ಕುಡುಕರೇನೂ ಆಗಿರಲಿಲ್ಲ. ರಾತ್ರಿಯ ಊಟದೊಡನೆ ಮೂರು ನಾಲ್ಕು ಲೋಟ ದ್ರಾಕ್ಷಾಮದ್ಯ ತೆಗೆದುಕೊಳ್ಳುವುದು ಮಾತ್ರ ರೂಢಿಯಾಗಿತ್ತು. ಐದಾರು ದಿನಗಳಲ್ಲಿ ಅವರನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಯಕೃತ್ತು ಕೆಟ್ಟುಹೋಗಿತ್ತು, ಮೂತ್ರಪಿಂಡಗಳೂ ಸೋತಿದ್ದವು. ಮತ್ತೊಬ್ಬರ ಯಕೃತ್ತನ್ನು ಜೋಡಿಸಿದ ಮೇಲೆಯೇ ಅವರು ಬದುಕಿದ್ದು.

ಕುಡಿಯುವವರಿಗೆ ಈ ಮಾತ್ರೆಯಿಂದ ಅಪಾಯವುಂಟೆಂಬ ಎಚ್ಚರಿಕೆ ಸೀಸೆಯ ಮೇಲೆ ಇರಲಿಲ್ಲವೆಂದು ಅವರು ತಯಾರಕರ ಮೇಲೆ ದಾವೆ ಹೂಡಿದರು. 1994ರಲ್ಲಿ ಪಂಚಾಯ್ತಿದಾರರು ಸುಮಾರು 88 ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿದರು. ಮೇಲಿನ ನ್ಯಾಯಾಲಯವೂ 1995ರಲ್ಲಿ ಅದನ್ನು ಎತ್ತಿಹಿಡಿಯಿತು. 1998ರಲ್ಲಿ ಆ ದೇಶದ ಸರ್ಕಾರ, ಅಂಗಡಿಯಲ್ಲಿ ನೇರವಾಗಿ ಮಾರುವ ಜ್ವರದ ಮತ್ತು ನೋವಿನ ಮಾತ್ರೆಗಳ ಮೇಲೆಲ್ಲ, ದಿನಕ್ಕೆ ಮೂರು ಅಥವಾ ಹೆಚ್ಚು ಪಾನ ಮಾಡುವವರು ಮೊದಲು ವೈದ್ಯರನ್ನು ಕೇಳಬೇಕೆಂಬ ಎಚ್ಚರಿಕೆ ಅಚ್ಚಾಗಲೇಬೇಕೆಂದು ನಿಯಮ ಮಾಡಿತು.

ಹೀಗೇಕಾಯಿತು? ನಮ್ಮ ದೇಹದಲ್ಲಿ ಯಕೃತ್ತು, ಎಂದರೆ ಲಿವರ್, ಒಂದು ಹಿಟ್ಟಿನ ಗಿರಣಿಯಂತೆ. ಕುಡಿದ ಮದ್ಯದ ಬಹುಪಾಲು ಅಲ್ಲಿಯೇ ಅರೆಯಲ್ಪಡಬೇಕು. ನುಂಗಿದ ಮಾತ್ರೆಗಳಲ್ಲಿ ಹಲವೂ ಅಲ್ಲಿಗೇ ಬರಬೇಕು. ಪ್ಯಾರಾಸಿಟಮಾಲ್ ಅಲ್ಲಿ ಅರೆಯಲ್ಪಡುವಾಗ ಅದರ ಸ್ವಲ್ಪ ಭಾಗ ವಿಷವಾಗಿ ಮಾರ್ಪಡುತ್ತದೆ. ಆರೋಗ್ಯವಂತನ ಯಕೃತ್ತಿನಲ್ಲಿ ಗ್ಲೂಟಾಥಯೋನ್ ಎಂಬ ವಸ್ತುವಿನ ದಾಸ್ತಾನಿರುತ್ತದೆ. ಅದು ಈ ವಿಷವನ್ನು ಹುಟ್ಟಿದಲ್ಲಿಯೇ ಹಿಡಿದು ನಿರ್ವಿಷ ಮಾಡುತ್ತದೆ. ಹಲವು ಕಾಲ ದಿನವೂ ಕುಡಿಯುವವನಲ್ಲಿ ಎರಡು ಕೆಡುಕುಗಳು ಒಟ್ಟಿಗೆ ಸಂಭವಿಸುತ್ತವೆ. ವಿಷವನ್ನು ಹುಟ್ಟಿಸುವ ಕಿಣ್ವ ಅಭ್ಯಾಸಬಲದಿಂದ ಹೆಚ್ಚುತ್ತದೆ. ಅದನ್ನು ಅಡಗಿಸುವ ದಾಸ್ತಾನು ತಗ್ಗುತ್ತದೆ. ಜ್ವರದಲ್ಲಿ ಊಟವನ್ನೂ ಬಿಟ್ಟಿದ್ದರೆ ದಾಸ್ತಾನು ಇನ್ನಷ್ಟು ಬರಿದಾಗುತ್ತದೆ.

ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ 4 ಗ್ರಾಂ ಪ್ಯಾರಾಸಿಟಮಾಲ್ ಮೇಲಿನ ಮಿತಿ. 500 ಮಿಲಿಗ್ರಾಂ ಮಾತ್ರೆಯಾದರೆ ಎಂಟು. ನಮ್ಮಲ್ಲಿ ಈಗ ಮನೆಮಾತಾಗಿರುವ 650 ಮಿಲಿಗ್ರಾಂ ಮಾತ್ರೆಯಾದರೆ ಆರು. ದಿನವೂ ಕುಡಿಯುವವರಿಗೆ ವೈದ್ಯರು ಈ ಮಿತಿಯನ್ನು ಅರ್ಧಕ್ಕೆ ಇಳಿಸುವುದುಂಟು. ನೆಗಡಿಯ ಮಾತ್ರೆ, ಮೈಕೈನೋವಿನ ಮಾತ್ರೆ ಮುಂತಾದ ಹಲವು ಬೆರಕೆ ಔಷಧಗಳಲ್ಲಿಯೂ ಪ್ಯಾರಾಸಿಟಮಾಲ್ ಅಡಗಿರುತ್ತದೆಂಬುದನ್ನು ಮರೆಯಬಾರದು. ಮೂರು ಹೆಸರಿನ ಮಾತ್ರೆಗಳನ್ನು ನುಂಗಿ ಒಂದೇ ಔಷಧವನ್ನು ಮೂರು ಪಾಲು ತಿಂದವರುಂಟು. ಈ ವಿಷ ಮೊದಲ ದಿನ ಹೆಚ್ಚು ಗದ್ದಲ ಮಾಡುವುದಿಲ್ಲ. ಹೊಟ್ಟೆ ತೊಳಸಿದಂತಾಗಿ ಸುಮ್ಮನಾಗಬಹುದು. ಕಣ್ಣು ಹಳದಿಯಾಗುವುದು ಎರಡು ಮೂರು ದಿನಗಳ ಮೇಲೆ. ಇದಕ್ಕೆ ಅಸಿಟೈಲ್ ಸಿಸ್ಟೀನ್ ಎಂಬ ಪ್ರತಿವಿಷವಿದೆ. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಬೇಗ ಕೊಡಬೇಕಾದರೆ ವೈದ್ಯರಿಗೆ ಕಾರಣ ಬೇಗ ಹೊಳೆಯಬೇಕು. ಕಾರಣ ಹೊಳೆಯಬೇಕಾದರೆ ಮನೆಯವರು ಬಾಯಿ ಬಿಡಬೇಕು.

ನಿದ್ದೆ, ಸಕ್ಕರೆ, ಕ್ಷಯ

ಪ್ಯಾರಾಸಿಟಮಾಲಿನ ಕಥೆಯೇ ಹೀಗಾದರೆ, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ವಿಚಾರ ಇನ್ನೂ ಗಂಭೀರ.

ನಿದ್ದೆಗೂ ಮನಸ್ಸಿನ ಕಳವಳಕ್ಕೂ ಕೊಡುವ ಡಯಾಜೆಪಾಮ್, ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಮುಂತಾದ ಮಾತ್ರೆಗಳು ಮಿದುಳನ್ನು ಶಾಂತಗೊಳಿಸುತ್ತವೆ. ಮದ್ಯ ಮಾಡುವುದೂ ಅದನ್ನೇ. ಎರಡೂ ಸೇರಿದಾಗ ಶಾಂತವಾಗುವುದು ಮನಸ್ಸು ಮಾತ್ರವಲ್ಲ. ನಿದ್ದೆಯಲ್ಲಿಯೂ ನಮ್ಮನ್ನು ಕೇಳದೆ ನಡೆಯುವ ಉಸಿರಾಟವೂ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಕೋಡೀನ್ ಬೆರೆತ ಕೆಮ್ಮಿನ ಔಷಧಕ್ಕೂ ಟ್ರಾಮಡಾಲ್ ಎಂಬ ನೋವಿನ ಮಾತ್ರೆಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ. ನೆಗಡಿಗೆಂದು ಕೊಡುವ ಕ್ಲೋರ್‌ಫೆನಿರಮೈನ್, ಸೆಟಿರಿಜೈನ್ ಮಾತ್ರೆಗಳು ಇವುಗಳಷ್ಟು ಉಗ್ರವಲ್ಲ. ಆದರೂ ಒಂದು ಪೆಗ್ಗಿನ ಜೊತೆಗೆ ಅವನ್ನು ನುಂಗಿ ಸ್ಕೂಟರನ್ನೇರಿದವನು ಮನೆ ಸೇರುವುದು ದೈವಾಧೀನ.

ಮಧುಮೇಹದ ವಿಚಾರವನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಊಟದ ಅಂತರ ಹೆಚ್ಚಾದಾಗ ರಕ್ತದ ಸಕ್ಕರೆ ಕುಸಿಯದಂತೆ ಹೊಸ ಸಕ್ಕರೆಯನ್ನು ಸಿದ್ಧಪಡಿಸುವುದು ಯಕೃತ್ತಿನ ಕೆಲಸ. ಮದ್ಯವನ್ನು ಅರೆಯುವುದರಲ್ಲಿ ಮಗ್ನವಾದ ಯಕೃತ್ತು ಈ ಕೆಲಸವನ್ನು ಬದಿಗಿಡುತ್ತದೆ. ಅತ್ತ ಇನ್ಸುಲಿನ್ ಆಗಲಿ, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಮಾತ್ರೆಯಾಗಲಿ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತದೆ. ಊಟ ಮಾಡದೆ ಕುಡಿದವನಿಗೆ ಮೈ ಬೆವರುತ್ತದೆ, ನಾಲಗೆ ತೊದಲುತ್ತದೆ, ಕಾಲು ತಡವರಿಸುತ್ತದೆ, ಮಾತು ಅಸಂಬದ್ಧವಾಗುತ್ತದೆ. ನೋಡಿದವರು ಏನೆನ್ನುತ್ತಾರೆ? “ಇವತ್ತು ಸ್ವಲ್ಪ ಜಾಸ್ತಿಯಾಗಿದೆ, ಮಲಗಿ ಏಳಲಿ” ಎನ್ನುತ್ತಾರೆ. ಸಕ್ಕರೆ ಕುಸಿದವನ ಲಕ್ಷಣಕ್ಕೂ ಅಮಲೇರಿದವನ ಲಕ್ಷಣಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಹಾಗೆ ಮಲಗಿದವರು ಏಳದೆ ಹೋದದ್ದುಂಟು. ಎಚ್ಚರವಿದ್ದರೆ ಸಕ್ಕರೆಯ ನೀರನ್ನು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹೊಯ್ಯದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮೆಟ್‌ಫಾರ್ಮಿನ್ ಸೇವಿಸುವವರು ಅತಿಯಾಗಿ ಕುಡಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿ ಪ್ರಾಣಕ್ಕೆ ಎರವಾಗುವ ಅಪರೂಪದ ಅಪಾಯ ಬೇರೆ.

ಕ್ಷಯರೋಗದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳಿನದು. ಅದರಲ್ಲಿನ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಎಂಬ ಮೂರು ಔಷಧಗಳೂ ಯಕೃತ್ತಿಗೆ ಹೊರೆ ಹೊರಿಸತಕ್ಕವೇ. ಅದರ ಮೇಲೆ ಮದ್ಯದ ಹೊರೆಯನ್ನೂ ಹೇರಿದರೆ ಕಾಮಾಲೆ ಬಂದು ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗಬಹುದು. ನಿಂತ ಚಿಕಿತ್ಸೆ ಕ್ಷಯವನ್ನು ಇನ್ನಷ್ಟು ಹಟಮಾರಿಯನ್ನಾಗಿ ಮಾಡುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮುಂತಾದ ನೋವಿನ ಮಾತ್ರೆಗಳು ಮದ್ಯದೊಡನೆ ಸೇರಿ ಜಠರದಲ್ಲಿ ರಕ್ತಸ್ರಾವವನ್ನುಂಟುಮಾಡಬಲ್ಲವು. ರಕ್ತದೊತ್ತಡದ ಕೆಲವು ಮಾತ್ರೆಗಳೊಡನೆ ಕುಡಿದವರು ಥಟ್ಟನೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ವೃದ್ಧರಲ್ಲಿ ಇಂಥ ಒಂದು ಬೀಳಿಕೆಯೇ ತೊಡೆಯ ಮೂಳೆಗೆ ಸಾಕು. ವಯಸ್ಸಾದಂತೆ ದೇಹದ ನೀರಿನಂಶ ತಗ್ಗುವುದರಿಂದ, ನಲವತ್ತರಲ್ಲಿ ತಡೆದಷ್ಟೇ ಮದ್ಯ ಎಪ್ಪತ್ತರಲ್ಲಿ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.

ಇಷ್ಟನ್ನು ಕೇಳಿದ ಕೆಲವರು ಸುಲಭದ ದಾರಿಯೊಂದನ್ನು ಹುಡುಕಿಕೊಳ್ಳುವುದುಂಟು: “ಇಂದು ಗೆಳೆಯರ ಕೂಟ, ಮಾತ್ರೆ ನಾಳೆ ನುಂಗಿದರಾಯಿತು.” ಇದು ಇನ್ನೊಂದು ಹಳ್ಳ. ಮೂರ್ಛೆರೋಗದ ಮಾತ್ರೆಯನ್ನು ಹೀಗೆ ತಪ್ಪಿಸಿದರೆ ಅದೇ ರಾತ್ರಿ ಮೂರ್ಛೆ ಬರಬಹುದು. ಮೇಲಾಗಿ ಹಲವು ಔಷಧಗಳು ಒಂದು ದಿನ ಬಿಟ್ಟರೆ ದೇಹವನ್ನು ಬಿಡುವುದಿಲ್ಲ. ಮದ್ಯವೂ ಅವಸರ ಮಾಡಿದರೆ ಹೋಗುವಂಥದ್ದಲ್ಲ. 30 ಮಿಲಿಲೀಟರಿನ ಒಂದು ಪೆಗ್ಗನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಮಜ್ಜಿಗೆಯಾಗಲಿ, ನಿಂಬೆಹಣ್ಣಿನ ರಸವಾಗಲಿ, ಕಡು ಕಾಫಿಯಾಗಲಿ ಆ ಗಂಟೆಯನ್ನು ಮೊಟಕು ಮಾಡಲಾರವು.

ಕೋಪನ್‌ಹೇಗನ್ನಿನ ಹುಳುವಿನ ಮಾತ್ರೆ

ಮದ್ದಿಗೂ ಮದ್ಯಕ್ಕೂ ಇರುವ ವೈರ ಒಮ್ಮೆ ಆಕಸ್ಮಿಕವಾಗಿ ಔಷಧವೇ ಆದ ವೃತ್ತಾಂತವೂ ಸ್ವಾರಸ್ಯವಾದುದು. ರಬ್ಬರನ್ನು ಹದಗೊಳಿಸುವ ರಾಸಾಯನಿಕಗಳ ನಡುವೆ ದುಡಿಯುವ ಕಾರ್ಮಿಕರಿಗೆ ಮದ್ಯ ಒಗ್ಗುವುದಿಲ್ಲವೆಂಬುದನ್ನು 1937ರಲ್ಲಿಯೇ ಅಮೆರಿಕದ ವೈದ್ಯರೊಬ್ಬರು ಗಮನಿಸಿದ್ದರು. ಕೆಲವು ವರ್ಷಗಳ ತರುವಾಯ, ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಎರಿಕ್ ಯಾಕೋಬ್ಸೆನ್ ಮತ್ತು ಯೆನ್ಸ್ ಹಾಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಅದೇ ಜಾತಿಯ ಡೈಸಲ್ಫಿರಾಮ್ ಎಂಬ ವಸ್ತುವನ್ನು ಹೊಟ್ಟೆಯ ಹುಳುವಿಗೆ ಔಷಧವಾದೀತೆಂದು ಪರೀಕ್ಷಿಸುತ್ತಿದ್ದರು. ಹೊಸ ಮಾತ್ರೆಯನ್ನು ಮೊದಲು ತಾವೇ ನುಂಗಿ ನೋಡುವುದು ಅವರ ಪದ್ಧತಿ. ಮಾತ್ರೆ ನುಂಗಿದಾಗ ಅವರಿಗೆ ಏನೂ ಆಗಲಿಲ್ಲ. ಆದರೆ ಎಂದಿನಂತೆ ಸ್ವಲ್ಪ ಮದ್ಯ ತೆಗೆದುಕೊಂಡೊಡನೆಯೇ ಮುಖ ಕೆಂಪೇರಿತು, ಎದೆ ಡವಗುಟ್ಟಿತು, ಹೊಟ್ಟೆ ತೊಳಸಿತು. ಇಬ್ಬರೂ ಕುಳಿತು ತಮ್ಮ ತಮ್ಮ ಅನುಭವವನ್ನು ಹೋಲಿಸಿ ನೋಡಿದಾಗ ಗುಟ್ಟು ಬಯಲಾಯಿತು.

ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರಪಾಯಕಾರಿಯಾದ ಅಸಿಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಎರಡನೆಯ ಮೆಟ್ಟಿಲನ್ನೇ ಕಿತ್ತುಹಾಕುತ್ತದೆ. ವಿಷ ನಡುದಾರಿಯಲ್ಲಿ ಶೇಖರವಾಗುತ್ತದೆ. 1948ರಲ್ಲಿ ಈ ಸಂಗತಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುಡಿತವನ್ನು ಬಿಡಬೇಕೆಂಬ ಮನಸ್ಸುಳ್ಳವರಿಗೆ ಅದು ಔಷಧವಾಯಿತು. ನಮ್ಮ ದೇಶದಲ್ಲಿಯೂ ವೈದ್ಯರು ಅದನ್ನು ಕೊಡುತ್ತಾರೆ.

ಇಂಥದೇ ಪರಿಣಾಮ ಉಂಟಾಗಬಹುದೆಂಬ ಎಚ್ಚರಿಕೆ, ಆಮಶಂಕೆಗೂ ಹಲ್ಲಿನ ಕೀವಿಗೂ ಕೊಡುವ ಮೆಟ್ರೋನಿಡಜೋಲ್, ಟಿನಿಡಜೋಲ್ ಮಾತ್ರೆಗಳ ಮೇಲೂ ಇದೆ. ಮೆಟ್ರೋನಿಡಜೋಲ್ ವಿಷಯದಲ್ಲಿ ಈ ಎಚ್ಚರಿಕೆಯ ಆಧಾರ ಎಷ್ಟು ಗಟ್ಟಿಯೆಂದು ಈಚಿನ ಸಂಶೋಧಕರು ಕೆಲವರು ಪ್ರಶ್ನಿಸಿರುವುದು ನಿಜ. ಆದರೂ ಮಾತ್ರೆ ಮುಗಿದ ಮೇಲೆಯೂ ಎರಡು ಮೂರು ದಿನ ಮದ್ಯವನ್ನು ಮುಟ್ಟದಿರುವುದೇ ಇಂದಿಗೂ ವೈದ್ಯರ ಸಲಹೆ.

ಸಾರಿನಲ್ಲಿ ಬೆರೆತ ಗುಟ್ಟು

ಇಲ್ಲಿಂದ ಕಥೆ ಮತ್ತೆ ನಮ್ಮ ಅಡಿಗೆಮನೆಗೆ ಬರಬೇಕಾಗಿದೆ. “ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ” ಎಂಬ ಜಾಹೀರಾತುಗಳನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ಕಾಣದವರಿಲ್ಲ. ಡೈಸಲ್ಫಿರಾಮಿನ ಹೆಸರನ್ನು ಯಾರಿಂದಲೋ ಕೇಳಿ, ಹೇಗೋ ಸಂಪಾದಿಸಿ, ಗಂಡನ ಸಾರಿನಲ್ಲಿಯೋ ಕಾಫಿಯಲ್ಲಿಯೋ ಪುಡಿ ಮಾಡಿ ಬೆರೆಸುವ ಗೃಹಿಣಿಯರುಂಟು. ಅವರನ್ನು ದೂಷಿಸುವುದು ಸುಲಭ. ಹಲವು ವರ್ಷಗಳ ಕಣ್ಣೀರು, ಮಕ್ಕಳ ಫೀಸಿಗೆ ಸಾಲದ ಸಂಬಳ, ತವರಿಗೆ ಹೇಳಲಾಗದ ಮಾತು, ಇವೆಲ್ಲ ಸೇರಿ ಆ ಪುಡಿಯನ್ನು ಕಲಕಿಸುತ್ತವೆ. ಉದ್ದೇಶ ಗಂಡನನ್ನು ಉಳಿಸಿಕೊಳ್ಳುವುದೇ.

ಆದರೆ ಪರಿಣಾಮ ಬೇರೆಯಾಗಬಹುದು. ತನ್ನ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದವನು ಅಂದಿನ ಸಂಜೆ ಎಂದಿನಷ್ಟೇ ಕುಡಿಯುತ್ತಾನೆ. ರಕ್ತದೊತ್ತಡ ಹಠಾತ್ತನೆ ಕುಸಿಯಬಹುದು, ಹೃದಯದ ಲಯ ತಪ್ಪಬಹುದು, ಮರಣವೂ ಸಂಭವಿಸಬಹುದು. ಆಸ್ಪತ್ರೆಗೆ ಒಯ್ದಾಗ ಕಾರಣವನ್ನು ಹೇಳಬಲ್ಲವಳು ಒಬ್ಬಳೇ; ಆಕೆ ಭಯದಿಂದ ಬಾಯಿ ಬಿಡುವುದಿಲ್ಲ. ಆದುದರಿಂದಲೇ, ಅಮಲಿನಲ್ಲಿರುವವನಿಗಾಗಲಿ, ಪೂರ್ಣ ಅರಿವಿಲ್ಲದವನಿಗಾಗಲಿ ಈ ಔಷಧವನ್ನು ಎಂದೂ ಕೊಡಕೂಡದೆಂಬುದು ಅದರ ಜೊತೆಯಲ್ಲಿ ಬರುವ ಮೊಟ್ಟಮೊದಲ ಎಚ್ಚರಿಕೆ. ಕೊನೆಯ ಮಾತ್ರೆಯ ತರುವಾಯವೂ ಎರಡು ವಾರಗಳವರೆಗೆ ಅದರ ಪ್ರಭಾವ ಉಳಿಯಬಲ್ಲದು. ಮದ್ಯಸಾರ ಬೆರೆತ ಕೆಮ್ಮಿನ ಔಷಧ ಕೂಡ ಆ ಅವಧಿಯಲ್ಲಿ ತೊಂದರೆ ಕೊಡಬಹುದು. ಮೊದಲು ಪರೀಕ್ಷೆ, ಆಮೇಲೆ ಒಪ್ಪಿಗೆ, ಆಮೇಲೆ ವೈದ್ಯರ ಕಣ್ಣೆದುರಿನ ಚಿಕಿತ್ಸೆ, ಇದೊಂದೇ ದಾರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ವೈದ್ಯರ ಮುಂದೆ ಗಂಡನ ಕುಡಿತವನ್ನು ಮುಚ್ಚಿಟ್ಟ ಮಡದಿಯೂ, ಗಂಡನ ಮುಂದೆ ಮಾತ್ರೆಯನ್ನು ಮುಚ್ಚಿಟ್ಟ ಮಡದಿಯೂ ಒಂದೇ ಮೌನದ ಎರಡು ಮುಖಗಳು. ಎರಡರಲ್ಲಿಯೂ ಪ್ರೀತಿಯುಂಟು, ಎರಡರಲ್ಲಿಯೂ ಮರ್ಯಾದೆಯ ಭಯವುಂಟು. ಎರಡರಲ್ಲಿಯೂ ಚಿಕಿತ್ಸೆ ಕುರುಡಾಗುತ್ತದೆ.

ಮೂರನೆಯ ದಿನದ ಪ್ರಲಾಪ

ಈ ಮೌನಕ್ಕೆ ಇನ್ನೊಂದು ಘೋರ ಮುಖವುಂಟು. ಹಲವು ವರ್ಷ ದಿನವೂ ಬಹಳವಾಗಿ ಕುಡಿದವರು ಕಾಲು ಮುರಿದೋ ಶಸ್ತ್ರಚಿಕಿತ್ಸೆಗೆಂದೋ ಆಸ್ಪತ್ರೆ ಸೇರುತ್ತಾರೆ. ಅಭ್ಯಾಸವೇನೂ ಇಲ್ಲವೆಂದು ಮನೆಯವರು ಬರೆಸಿರುತ್ತಾರೆ. ಆಸ್ಪತ್ರೆಯಲ್ಲಿ ಮದ್ಯ ದೊರೆಯದು. ಎರಡರಿಂದ ನಾಲ್ಕನೆಯ ದಿನದೊಳಗಾಗಿ ಕೈ ನಡುಗುತ್ತದೆ, ಮೈ ಬೆವರುತ್ತದೆ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣುತ್ತವೆ, ಮಗನ ಗುರುತೇ ಸಿಗುವುದಿಲ್ಲ, ಫಿಟ್ಸೂ ಬರಬಹುದು. ಅರಿವಳಿಕೆಯ ದೋಷವೋ, ಮಿದುಳಿಗೆ ಪೆಟ್ಟೋ, ಗಾಯದ ನಂಜೋ ಎಂದು ವೈದ್ಯರು ಹುಡುಕುತ್ತಾರೆ. ಅಭ್ಯಸ್ತವಾದ ಮದ್ಯ ಹಠಾತ್ತನೆ ನಿಂತದ್ದರಿಂದ ಬಂದ ಸನ್ನಿ ಇದು, ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಾಂತಕ. ಮೊದಲೇ ತಿಳಿದಿದ್ದರೆ ವೈದ್ಯರು ಥಯಮಿನ್ ಎಂಬ ಜೀವಸತ್ವವನ್ನೂ ತಕ್ಕ ಶಾಮಕ ಔಷಧವನ್ನೂ ಕೊಟ್ಟು ಬಹುಮಟ್ಟಿಗೆ ಇದನ್ನು ತಡೆಯಬಲ್ಲರು. “ನಾಳೆಯಿಂದ ಒಂದು ತೊಟ್ಟೂ ಮುಟ್ಟೆನು” ಎಂಬ ವೀರಪ್ರತಿಜ್ಞೆಯೂ ಅತಿಯಾಗಿ ಕುಡಿಯುತ್ತಿದ್ದವನಿಗೆ ಅಪಾಯಕರವೇ. ಬಿಡುವುದು ಒಳ್ಳೆಯದು, ವೈದ್ಯರಿಗೆ ತಿಳಿಸಿ ಬಿಡುವುದು ಕ್ಷೇಮ.

ಕುಡಿಯದವರ ಮನೆಯಲ್ಲಿ

“ನಮ್ಮ ಮನೆಯಲ್ಲಿ ಆ ಮಾತೇ ಇಲ್ಲ” ಎಂದು ನೆಮ್ಮದಿಯ ಉಸಿರು ಬಿಡುವವರೂ ಔಷಧದ ಕಪಾಟನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು. ಕೆಮ್ಮಿನ ಕೆಲವು ಔಷಧಗಳಲ್ಲಿ, ಹಲವು ಟಿಂಚರುಗಳಲ್ಲಿ ಮದ್ಯಸಾರವಿರುತ್ತದೆ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಅಶೋಕಾರಿಷ್ಟ ಮುಂತಾದವುಗಳಲ್ಲಿ ಹುಳಿಯುವ ಕ್ರಿಯೆಯಿಂದ ತಾನಾಗಿಯೇ ಹುಟ್ಟಿದ ಮದ್ಯಸಾರ ಶೇಕಡ 5ರಿಂದ 10ರಷ್ಟು ಇರುವುದು ಸಾಮಾನ್ಯ. ಅದನ್ನು ಸೀಸೆಯ ಚೀಟಿಯೇ ಹೇಳುತ್ತದೆ. ಎರಡು ಚಮಚೆಯಿಂದ ಅಮಲೇರುವುದಿಲ್ಲ. ಆದರೆ ಮೇಲೆ ಹೇಳಿದ ಔಷಧಗಳನ್ನು ಸೇವಿಸುವವರು, ಯಕೃತ್ತಿನ ರೋಗವುಳ್ಳವರು, ಕುಡಿತ ಬಿಟ್ಟು ಚೇತರಿಸಿಕೊಳ್ಳುತ್ತಿರುವವರು, ಗರ್ಭಿಣಿಯರು, ಇವರು ಅದನ್ನೂ ವೈದ್ಯರ ಗಮನಕ್ಕೆ ತರಬೇಕು. “ಅದು ಬರಿಯ ಅರಿಷ್ಟ, ಔಷಧವೇನೂ ಅಲ್ಲ” ಎಂದು ಬಿಟ್ಟುಬಿಡುವುದು ತಪ್ಪು.

ಔಷಧದ ಚೀಟಿಯನ್ನು ಓದುವ ಅಭ್ಯಾಸವೂ ಬೇಕು. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆಗೆ ಅನುಗುಣವಾದ 1945ರ ನಿಯಮಗಳಲ್ಲಿ ‘ಹೆಚ್’ ಎಂಬ ಅನುಸೂಚಿಯುಂಟು. ಅದರಲ್ಲಿನ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. ಕೆಲವು ಪ್ರಬಲ ಪ್ರತಿಜೀವಕಗಳು, ಕ್ಷಯದ ಔಷಧಗಳು, ಅಮಲು ಮತ್ತು ನಿದ್ದೆಯ ಔಷಧಗಳಿಗೆ 2014ರ ಮಾರ್ಚಿಯಿಂದ ‘ಹೆಚ್ 1’ ಎಂಬ ಇನ್ನೂ ಬಿಗಿಯಾದ ಅನುಸೂಚಿ ಜಾರಿಗೆ ಬಂದಿತು. ಅವನ್ನು ಕೊಂಡವರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕಾಣುವ ಕೆಂಪು ಗೆರೆ ಅಲಂಕಾರವಲ್ಲ. ಚೀಟಿಯಿಲ್ಲದೆ ಮುಟ್ಟಬೇಡವೆಂಬ ಸಂಕೇತ. ಪಕ್ಕದ ಮನೆಯವರಿಗೆ ಒಗ್ಗಿದ ಮಾತ್ರೆ ನಮಗೂ ಒಗ್ಗೀತೆಂಬ ನಂಬಿಕೆಗೆ ಆ ಗೆರೆಯೇ ಉತ್ತರ. ಔಷಧದಿಂದ ಅನಿರೀಕ್ಷಿತ ತೊಂದರೆಯಾದರೆ ಮೊದಲು ವೈದ್ಯರಿಗೆ ತಿಳಿಸಬೇಕು. 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ 1800-180-3024 ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಜನಸಾಮಾನ್ಯರೂ ವರದಿ ಕೊಡಬಹುದು.

ಇನ್ನೊಂದು ಪ್ರಶ್ನೆ

ಮತ್ತೆ ವೈದ್ಯರ ಕೋಣೆಗೆ ಬರೋಣ. ಮಗಳ ಮುಂದೆ ಹೇಳಲು ಸಂಕೋಚವಾದರೆ ಮಗಳನ್ನು ಹೊರಗೆ ಕುಳಿತಿರಲು ಹೇಳಬಹುದು. ಬಾಯಿಂದ ಆಡಲು ಆಗದಿದ್ದರೆ ಒಂದು ತುಂಡು ಕಾಗದದಲ್ಲಿ ಬರೆದುಕೊಡಬಹುದು: ಎಷ್ಟು, ವಾರಕ್ಕೆ ಎಷ್ಟು ಸಲ, ಕೊನೆಯದಾಗಿ ಎಂದು. ರೋಗಿಯ ಗುಟ್ಟನ್ನು ಕಾಪಾಡುವುದು ವೈದ್ಯರ ಧರ್ಮ. ಅವರು ಕೇಳುವುದು ತೀರ್ಪು ಕೊಡುವುದಕ್ಕಲ್ಲ, ಮಾತ್ರೆಯನ್ನು ಆರಿಸುವುದಕ್ಕೆ. ವಕೀಲರ ಮುಂದೆ, ವೈದ್ಯರ ಮುಂದೆ ಸುಳ್ಳಾಡಬಾರದೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ವಕೀಲರ ಮುಂದಿನ ಸುಳ್ಳಿನಿಂದ ಹೋಗುವುದು ಬಹುಮಟ್ಟಿಗೆ ಆಸ್ತಿ. ಇಲ್ಲಿ ಹೋಗುವುದು ಆಸ್ತಿಯಲ್ಲ.

ಆ ಮಡದಿ ಬಾಗಿಲವರೆಗೆ ಹೋಗಿ ಮತ್ತೆ ಹಿಂದಿರುಗಿದರೆಂದು ಭಾವಿಸೋಣ. ಮಗಳು ಔಷಧದ ಅಂಗಡಿಯತ್ತ ಹೋಗಿದ್ದಾಳೆ. ಗೃಹಸ್ಥರು ತಲೆ ತಗ್ಗಿಸಿ ನಿಂತಿದ್ದಾರೆ, ಆದರೆ ಬೇಡವೆನ್ನುತ್ತಿಲ್ಲ.

“ಡಾಕ್ಟರೇ, ಇನ್ನೊಂದು ಪಥ್ಯದ ವಿಚಾರ ಕೇಳುವುದಿತ್ತು. ಇವರು ಸಂಜೆ ಹೊತ್ತು ಒಂದಿಷ್ಟು ತೊಗೋತಾರೆ.”

ವೈದ್ಯರು ಬೇಸರಿಸುವುದಿಲ್ಲ, ಉಪದೇಶವನ್ನೂ ಮಾಡುವುದಿಲ್ಲ. “ಹೇಳಿದ್ದು ಒಳ್ಳೆಯದಾಯಿತು, ಕೂತುಕೊಳ್ಳಿ” ಎನ್ನುತ್ತಾರೆ. ಬರೆದ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಒಂದು ಹೆಸರನ್ನು ಹೊಡೆದು ಬೇರೊಂದನ್ನು ಬರೆಯುತ್ತಾರೆ.